ಹಾಡು ಕಡಿಯುವುದು ಎಲ್ಲಿ? ವೈಫೈ ಸ್ಪೀಕರ್ ಮತ್ತು ಮನೆಯೊಳಗಿನ ಹತ್ತು ಮೀಟರ್

ಮೊದಲು ಒಂದು ಲೆಕ್ಕ ಮಾಡೋಣ. ಹಾಡಿನ ಆಪ್‌ಗಳಲ್ಲಿ ಒಳ್ಳೆಯ ಗುಣಮಟ್ಟ ಅನ್ನಿಸಿಕೊಂಡ ಆಡಿಯೊಗೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ಸಿಡಿಯಲ್ಲಿರುವುದನ್ನು ಚೂರೂ ಕುಗ್ಗಿಸದೆ ಹಾಗೆಯೇ ಕಳಿಸಿದರೂ ಆಗುವುದು 1,411 ಕಿಲೋಬಿಟ್, ಅಂದರೆ ಒಂದೂವರೆ ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಒಳಗೇ. ಈಗ ಮಾಮೂಲಿಯಾಗಿರುವ 100 ಎಂಬಿಪಿಎಸ್ ಫೈಬರ್ ಸಂಪರ್ಕದಲ್ಲಿ, ಕಾಗದದ ಮೇಲಿನ ಲೆಕ್ಕದಂತೆ, ಮುನ್ನೂರು ಸ್ಪೀಕರ್‌ಗಳು ಮುನ್ನೂರು ಬೇರೆ ಬೇರೆ ಹಾಡು ಹಾಡಬಹುದು. ಹಾಗಿದ್ದೂ ಅಡುಗೆಮನೆಯ ಕಪಾಟಿನ ಮೇಲಿರುವ ಒಂದೇ ಒಂದು ಸ್ಪೀಕರ್ ಒಂದು ದೇವರನಾಮ ಮುಗಿಸುವಷ್ಟರಲ್ಲಿ ಎರಡು ಸಲ ತಡವರಿಸುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಸಾರ್, ಮೇಲಿನ ಪ್ಲಾನ್‌ಗೆ ಅಪ್‌ಗ್ರೇಡ್ ಮಾಡಿಸಿ" ಅನ್ನುತ್ತಾರೆ. ದಯವಿಟ್ಟು ಮಾಡಿಸಬೇಡಿ. ಬೀದಿಯಿಂದ ಮನೆಗೆ ಬರುವ ಫೈಬರ್ ಬಹುಪಾಲು ಸಲ ನಿರಪರಾಧಿ. ತೊಂದರೆ ಇರುವುದು ರೌಟರ್‌ನಿಂದ ಸ್ಪೀಕರ್‌ವರೆಗಿನ ಹತ್ತು ಮೀಟರ್ ಗಾಳಿಯಲ್ಲಿ.

ಸ್ಪೀಡ್ ಟೆಸ್ಟ್ ತೋರಿಸುವುದು ಕೆಲವು ಸೆಕೆಂಡುಗಳ ಸರಾಸರಿಯನ್ನು. ಆ ಹೊತ್ತಿನಲ್ಲಿ ಒಂದು ಸೆಕೆಂಡು ಏನೂ ಬಾರದೆ, ಉಳಿದ ಹೊತ್ತು ಭರಪೂರ ಬಂದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ವೆಬ್ ಪುಟ ಓದುವವರಿಗೆ ಆ ಒಂದು ಸೆಕೆಂಡು ಗೊತ್ತೂ ಆಗುವುದಿಲ್ಲ. ಹಾಡಿಗೆ ಗೊತ್ತಾಗುತ್ತದೆ. ಅದಕ್ಕೆ ಬೇಕಿರುವುದು ಸ್ವಲ್ಪವೇ, ಆದರೆ ಹೊತ್ತು ಹೊತ್ತಿಗೆ ತಪ್ಪದೆ ಬೇಕು.

ಹಾಡು ಬರುವ ದಾರಿ

ಬ್ಲೂಟೂತ್ ಸ್ಪೀಕರ್‌ನ ಕತೆ ಸರಳ. ಫೋನು ಹಾಡನ್ನು ತಂದು ಸ್ಪೀಕರ್‌ಗೆ ನೇರವಾಗಿ ದಾಟಿಸುತ್ತದೆ. ಸ್ಪೀಕರ್‌ಗೂ ರೌಟರ್‌ಗೂ ಮುಖಪರಿಚಯವೇ ಇಲ್ಲ. ಫೋನ್ ಹಿಡಿದು ಮಹಡಿ ಹತ್ತಿದರೆ ಹಾಡು ಕಡಿಯುತ್ತದೆ, ಇಳಿದು ಬಂದರೆ ಸರಿಹೋಗುತ್ತದೆ.

ವೈಫೈ ಸ್ಪೀಕರ್‌ನಲ್ಲಿ ಹಾಗಲ್ಲ. ಗೂಗಲ್ ಕಾಸ್ಟ್ ಇರಲಿ, ಸ್ಪಾಟಿಫೈ ಕನೆಕ್ಟ್ ಇರಲಿ, ಅಲೆಕ್ಸಾ ಇರಲಿ, ಫೋನು ಬರೀ ರಿಮೋಟ್. ಯಾವ ಹಾಡು ಬೇಕು ಎಂದು ಹೇಳಿ ಅದು ಪಕ್ಕಕ್ಕೆ ಸರಿಯುತ್ತದೆ. ಸ್ಪೀಕರ್ ತಾನೇ ರೌಟರ್ ಮೂಲಕ ಇಂಟರ್ನೆಟ್‌ಗೆ ಹೋಗಿ ಹಾಡನ್ನು ತಂದುಕೊಳ್ಳುತ್ತದೆ. ಆಮೇಲೆ ಫೋನ್ ಸ್ವಿಚ್ ಆಫ್ ಮಾಡಿದರೂ ಹಾಡು ನಿಲ್ಲುವುದಿಲ್ಲ. ಆದ್ದರಿಂದ "ಫೋನ್‌ನಲ್ಲಿ ನೆಟ್ ಚೆನ್ನಾಗೇ ಇದೆಯಲ್ಲ" ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಫೋನು ನಿಮ್ಮ ಕೈಯಲ್ಲಿದೆ, ಸ್ಪೀಕರ್ ಇರುವುದು ಫ್ರಿಜ್ಜಿನ ಹಿಂದೆ.

ಐಫೋನ್‌ನ ಏರ್‌ಪ್ಲೇ ಇವೆರಡರ ನಡುವಿನದು. ಸಾಮಾನ್ಯವಾಗಿ ಫೋನೇ ಹಾಡನ್ನು ತಂದು ಮನೆಯ ವೈಫೈ ಮೂಲಕ ಸ್ಪೀಕರ್‌ಗೆ ಕಳಿಸುತ್ತದೆ. ಅಂದರೆ ಒಂದೇ ಹಾಡು ಗಾಳಿಯಲ್ಲಿ ಮೂರು ಸಲ ಹಾರುತ್ತದೆ: ರೌಟರ್‌ನಿಂದ ಫೋನ್‌ಗೆ, ಫೋನ್‌ನಿಂದ ರೌಟರ್‌ಗೆ, ಅಲ್ಲಿಂದ ಸ್ಪೀಕರ್‌ಗೆ. ಹಾಲ್, ಅಡುಗೆಮನೆ, ಮಲಗುವ ಕೋಣೆಯ ಸ್ಪೀಕರ್‌ಗಳನ್ನು ಗುಂಪು ಮಾಡಿದರೆ ಓಡಾಟ ಇನ್ನೂ ಹೆಚ್ಚು. ಹಲವು ವ್ಯವಸ್ಥೆಗಳಲ್ಲಿ ಒಂದು ಸ್ಪೀಕರ್ ಯಜಮಾನನಾಗಿ ಹಾಡನ್ನು ತಂದು, ಉಳಿದವಕ್ಕೆ ಹಂಚುತ್ತದೆ. ಆ ಯಜಮಾನ ಸ್ಪೀಕರ್ ಸಿಗ್ನಲ್ ಸರಿಯಾಗಿ ಸಿಗದ ಮೂಲೆಯಲ್ಲಿದ್ದರೆ ಇಡೀ ಮನೆ ತಡವರಿಸುತ್ತದೆ. ಗುಂಪಿನ ಹಾಡನ್ನು ರೌಟರ್ ಹತ್ತಿರದ ಸ್ಪೀಕರ್‌ನಿಂದ ಶುರುಮಾಡಿ ನೋಡಿ. ಕೆಲವು ವ್ಯವಸ್ಥೆಗಳಲ್ಲಿ ಯಜಮಾನಿಕೆ ಅದಕ್ಕೇ ಸಿಕ್ಕಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಸ್ಪೀಕರ್ ಹಾಡನ್ನು ಬಂದ ಹಾಗೇ ನುಡಿಸುವುದಿಲ್ಲ, ಮುಂದಿನ ಕೆಲವು ಸೆಕೆಂಡುಗಳದ್ದನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ಇದೇ ಬಫರ್. ಆಪ್‌ನಲ್ಲಿರುವ ಹಾಡು ಪೂರ್ತಿ ಸಿದ್ಧವಾಗಿ ಸರ್ವರ್‌ನಲ್ಲಿ ಕೂತಿರುವುದರಿಂದ ಬಫರ್ ದೊಡ್ಡದಾಗಿರಬಹುದು. ಆಕಾಶವಾಣಿಯ ನೇರ ಪ್ರಸಾರದಲ್ಲಿ ಮುಂದಿನ ಸ್ವರವನ್ನು ಗಾಯಕರೇ ಇನ್ನೂ ಹಾಡಿಲ್ಲ, ಮೊದಲೇ ತರುವುದೆಲ್ಲಿಂದ? ಹಾಗಾಗಿ ಅಲ್ಲಿ ಬಫರ್ ಚಿಕ್ಕದು. ಟಿವಿಗೆ ಜೋಡಿಸಿದ ವೈರ್‌ಲೆಸ್ ಹಿಂಬದಿ ಸ್ಪೀಕರ್‌ಗಳಲ್ಲಂತೂ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪಬಾರದು, ಆದ್ದರಿಂದ ಮಿಲಿಸೆಕೆಂಡುಗಳ ಲೆಕ್ಕದ ಬಫರ್. ರೇಡಿಯೊ ಮಾತ್ರ ಕಡಿದು ಆಪ್‌ನ ಹಾಡು ಸರಾಗವಾಗಿದ್ದರೆ, ರೇಡಿಯೊದವರ ಸರ್ವರ್ ಸರಿಯಿದ್ದಲ್ಲಿ, ನಿಮ್ಮ ವೈಫೈ ಆಗೊಮ್ಮೆ ಈಗೊಮ್ಮೆ ಸಣ್ಣದಾಗಿ ಕೈಕೊಡುತ್ತಿದೆ ಎಂದು ಅರ್ಥ. ಎರಡೂ ಕಡಿದರೆ ಕೈಕೊಡುವುದು ದೀರ್ಘವಾಗಿದೆ.

ಗಾಳಿಯೆಂಬ ಒಂದೇ ಮೈಕು

ವೈಫೈಯ ಒಂದು ಚಾನೆಲ್ ಎಂದರೆ ಊರ ಸಭೆಯಲ್ಲಿ ಇರುವ ಒಂದೇ ಮೈಕು. ಒಬ್ಬರ ಕೈಯಲ್ಲಿರುವಾಗ ಉಳಿದವರು ಕಾಯಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳುವುದಿಲ್ಲ, ಮತ್ತೆ ಮೊದಲಿಂದ ಹೇಳಬೇಕು. ವೈಫೈ ಸಾಧನಗಳು ನಿಜಕ್ಕೂ ಹೀಗೇ ನಡೆದುಕೊಳ್ಳುತ್ತವೆ. ಕಳಿಸುವ ಮೊದಲು ಕಿವಿಗೊಡುತ್ತವೆ, ಖಾಲಿ ಇದ್ದರೆ ಮಾತ್ರ ಕಳಿಸುತ್ತವೆ. ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನ ಮನೆಯ, ಕೆಳಗಿನ ಮನೆಯ, ಎದುರು ಮನೆಯ ರೌಟರ್‌ಗಳೂ ಅದೇ ಚಾನೆಲ್‌ನಲ್ಲಿದ್ದರೆ ಅವರೂ ಅದೇ ಸಭೆಯಲ್ಲೇ ಕೂತ ಹಾಗೆ. ಪಾಸ್‌ವರ್ಡ್ ಬೇರೆಯಿದ್ದರೇನು, ಗಾಳಿ ಒಂದೇ.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ವಿಷಯವಿದೆ. ಚಾನೆಲ್ ಎಷ್ಟು ತುಂಬಿದೆ ಎನ್ನುವುದನ್ನು ಕಳಿಸಿದ ಬಿಟ್‌ಗಳ ಲೆಕ್ಕದಲ್ಲಿ ಅಳೆಯಬಾರದು, ಹಿಡಿದ ಸಮಯದ ಲೆಕ್ಕದಲ್ಲಿ ಅಳೆಯಬೇಕು. ಗೇಟಿನ ಹತ್ತಿರದ ವೈಫೈ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. 1,500 ಬೈಟ್‌ನ ಒಂದು ಪ್ಯಾಕೆಟ್ ಎಂದರೆ 12,000 ಬಿಟ್. ರೌಟರ್ ಪಕ್ಕದಲ್ಲಿರುವ ಲ್ಯಾಪ್‌ಟಾಪ್ ಅದನ್ನು 144 ಎಂಬಿಪಿಎಸ್ ವೇಗದಲ್ಲಿ ಕಳಿಸಿದರೆ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಎರಡು ಗೋಡೆಯಾಚೆ, ಅಂಗಳದ ಕೊನೆಯಲ್ಲಿ, ಸಿಗ್ನಲ್ ಸಿಕ್ಕೀತೋ ಇಲ್ಲವೋ ಎನ್ನುವ ಜಾಗದಲ್ಲಿರುವ ಕ್ಯಾಮೆರಾ ಅದೇ ಪ್ಯಾಕೆಟ್ಟನ್ನು 6 ಎಂಬಿಪಿಎಸ್‌ನಲ್ಲಿ ನಿಧಾನವಾಗಿ ಕಳಿಸುತ್ತದೆ, ಎರಡು ಮಿಲಿಸೆಕೆಂಡು ಹಿಡಿಯುತ್ತದೆ. ಕ್ಯಾಮೆರಾದ ವಿಡಿಯೊ ಬರೀ 2 ಎಂಬಿಪಿಎಸ್ ಇದ್ದರೂ ಮೂರರಲ್ಲಿ ಒಂದು ಪಾಲು ಹೊತ್ತು ಗಾಳಿ ಅದರ ಕೈಯಲ್ಲೇ ಇರುತ್ತದೆ, ಹಗಲೂ ರಾತ್ರಿ. ಒಳಗೆ ಸ್ಪೀಕರ್ ಕಾಯುತ್ತಾ ಕೂರುತ್ತದೆ. ಇಂಥ ಮನೆಯಲ್ಲಿ ಪ್ಲಾನ್ 100ರಿಂದ 500ಕ್ಕೆ ಏರಿಸಿದರೆ ಸ್ಪೀಕರ್‌ಗೆ ಕೂದಲೆಳೆಯಷ್ಟೂ ಉಪಯೋಗವಿಲ್ಲ. ಕ್ಯಾಮೆರಾಗೆ ಕೇಬಲ್ ಎಳೆದರೆ ಅಂದೇ ಸಂಜೆ ವ್ಯತ್ಯಾಸ ಕೇಳಿಸುತ್ತದೆ.

ಈಗ ಬ್ಯಾಂಡ್‌ಗಳ, ಅಂದರೆ ವೈಫೈ ಬಳಸುವ ತರಂಗಪಟ್ಟಿಗಳ ವಿಚಾರ. ಅಗ್ಗದ ಸ್ಪೀಕರ್‌ಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗತಿಯಿಲ್ಲ. ಈ ಪಟ್ಟಿಯಲ್ಲಿ ಚಾನೆಲ್‌ಗಳ ಸಂಖ್ಯೆ 1ರಿಂದ 13ರವರೆಗೆ ಇದ್ದರೂ ಅಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ. ಒಂದನ್ನೊಂದು ಮುಟ್ಟದೆ ನಿಲ್ಲುವುದು 1, 6 ಮತ್ತು 11 ಮಾತ್ರ. ಜಾಣತನ ಮಾಡಲು ಹೋಗಿ 3 ಅಥವಾ 8 ಆರಿಸಿದರೆ ಎರಡೂ ಕಡೆಯವರ ಗದ್ದಲ ಕೇಳಬೇಕಾಗುತ್ತದೆ. ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 40 ಎಂದು ಇಟ್ಟರೆ ಪೆಟ್ಟಿಗೆಯ ಮೇಲಿನ ವೇಗ ಹೆಚ್ಚುತ್ತದೆ, ಜಗಳವೂ ಹೆಚ್ಚುತ್ತದೆ.

ಬ್ಲೂಟೂತ್ ಇರುವುದೂ ಇದೇ 2.4ರಲ್ಲಿ. ಮೈಕ್ರೊವೇವ್ ಓವನ್ ಕೆಲಸ ಮಾಡುವುದೂ 2.45ರ ಆಸುಪಾಸಿನಲ್ಲೇ. ಓವನ್‌ನಿಂದ ಹೊರಗೆ ಸೋರುವುದು ಆರೋಗ್ಯಕ್ಕೆ ಏನೂ ಮಾಡದಷ್ಟು ಅಲ್ಪ. ಆದರೆ ವೈಫೈ ಸಿಗ್ನಲ್ ಅದಕ್ಕಿಂತಲೂ ಅಲ್ಪವಾದದ್ದು. ಹಾಲು ಬಿಸಿಗಿಟ್ಟಾಗಲೆಲ್ಲ ಹಾಡು ಕಡಿದರೆ ಕಾರಣ ಹುಡುಕುತ್ತಾ ದೂರ ಹೋಗಬೇಕಿಲ್ಲ. ಇನ್ನೊಂದು ಗುಪ್ತ ಶತ್ರು ಯುಎಸ್‌ಬಿ 3.0. ರೌಟರ್‌ನ ಬೆನ್ನಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ಅದರ ಕೇಬಲ್ ಎರಡೂ 2.4ರಲ್ಲಿ ಗದ್ದಲ ಹೊರಸೂಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ತಾಂತ್ರಿಕ ಟಿಪ್ಪಣಿ ಪ್ರಕಟಿಸಿತ್ತು.

5 ಗಿಗಾಹರ್ಟ್ಸ್ ವಿಶಾಲ. ಭಾರತದಲ್ಲಿ 2018ರಲ್ಲಿ ಈ ಪಟ್ಟಿಯ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟ ಮೇಲೆ ಜಾಗಕ್ಕೆ ಬರವಿಲ್ಲ. ಸ್ಪೀಕರ್‌ಗೆ 5 ಸಿಗುವ ಹಾಗಿದ್ದರೆ, ರೌಟರ್ ಅದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ, ಅದನ್ನೇ ಕೊಡಿ. ಆದರೆ ಎರಡು ಷರತ್ತು. ಒಂದು, ಈ ತರಂಗಗಳಿಗೆ ಗೋಡೆ ದಾಟುವ ಶಕ್ತಿ ಕಡಿಮೆ. ಎರಡನೆಯದು ರಡಾರ್. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈಫೈ ಹವಾಮಾನ ಮತ್ತು ಇತರ ರಡಾರ್‌ಗಳ ಜೊತೆ ಹಂಚಿಕೊಂಡಿದೆ. ರಡಾರ್‌ನಂತೆ ಏನಾದರೂ ಕೇಳಿಸಿದರೆ ರೌಟರ್ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಟ್ಟು ಹೋಗಲೇಬೇಕು. ಹೋಗುವ ಹೊಸ ಚಾನೆಲ್ಲೂ ಅದೇ ಬಗೆಯದಾದರೆ ಸಾಮಾನ್ಯವಾಗಿ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು ನಿಂತು ಆಮೇಲೆ ಶುರುಮಾಡಬೇಕು. ಯಾವ ಬಫರ್ ತಾನೇ ಒಂದು ನಿಮಿಷ ತಾಳೀತು? ಇದ್ದಕ್ಕಿದ್ದಂತೆ ಎಲ್ಲ ಸ್ಪೀಕರ್‌ಗಳೂ ಒಮ್ಮೆಗೇ ಮಾಯವಾಗಿ ಒಂದೆರಡು ನಿಮಿಷದಲ್ಲಿ ತಾವೇ ಮರಳುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಕೆಲವು ಸ್ಪೀಕರ್‌ಗಳಿಗೆ ಈ ಚಾನೆಲ್‌ಗಳು ಕಾಣುವುದೇ ಇಲ್ಲ. ರೌಟರ್‌ನ "ಆಟೊ" ತೆಗೆದು 36ರಿಂದ 48ರೊಳಗೆ ಅಥವಾ 149ರಿಂದ 161ರೊಳಗೆ ಒಂದನ್ನು ಗಟ್ಟಿಯಾಗಿ ಕೂರಿಸಿಬಿಡಿ.

ರೌಟರ್ ಎಲ್ಲಿ ಕೂತಿದೆ?

ಫೈಬರ್ ಹಾಕಲು ಬಂದ ಹುಡುಗ ತನ್ನ ಕೇಬಲ್ ಎಲ್ಲಿ ಸುಲಭವಾಗಿ ಒಳಬರುತ್ತದೋ ಅಲ್ಲಿ ಬಾಕ್ಸ್ ಬಡಿದು ಹೋಗುತ್ತಾನೆ. ಮುಂಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಮೇಲೆ, ಬಾಲ್ಕನಿಯ ಮೂಲೆಯಲ್ಲಿ. ಆಮೇಲೆ ಇಂಟೀರಿಯರ್ ಮಾಡುವವರು ಬಂದು "ವೈರ್ ಕಾಣಬಾರದು" ಎಂದು ಅದನ್ನು ಟಿವಿ ಯೂನಿಟ್‌ನ ಒಳಗೆ, ಬಾಗಿಲು ಮುಚ್ಚಿ, ಸೆಟ್‌ಟಾಪ್ ಬಾಕ್ಸ್‌ನ ಕೆಳಗೆ ಇಡುತ್ತಾರೆ. ನೋಡಲು ಅಂದ, ಸಿಗ್ನಲ್‌ಗೆ ಸಮಾಧಿ.

ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಅಂಕಿಯಲ್ಲಿ ಹೇಳುತ್ತಾರೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಅತ್ಯುತ್ತಮ, ಮೈನಸ್ 67ರವರೆಗೆ ನಂಬಬಹುದು, ಮೈನಸ್ 75 ದಾಟಿದರೆ ಹಾಡಿಗೆ ಭರವಸೆಯಿಲ್ಲ. ಪ್ರತಿ ಹತ್ತು ಅಂಕಿ ಇಳಿದಾಗ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ ಎಂಬುದು ನೆನಪಿರಲಿ. ಒಂದು ಕಾಂಕ್ರೀಟ್ ಗೋಡೆ ಹತ್ತು ಅಂಕಿಯನ್ನೋ ಅದಕ್ಕಿಂತ ಹೆಚ್ಚನ್ನೋ ಒಂದೇ ಗುಟುಕಿಗೆ ನುಂಗಬಲ್ಲದು. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಮಲೆನಾಡಿನ ಹಳೆಯ ಮನೆಗಳ ಮಣ್ಣಿನ ಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ ತಾರಸಿ ಯಾವುದೂ ಕಡಿಮೆಯಿಲ್ಲ. ಕಬ್ಬಿಣದ ಬೀರು, ಆಳೆತ್ತರದ ಕನ್ನಡಿ, ನೀರು ತುಂಬಿದ ಅಕ್ವೇರಿಯಂ ಇವೂ ಅಡ್ಡಗೋಡೆಗಳೇ.

ರೌಟರ್ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಲಿ. ಫೈಬರ್ ಅಲ್ಲಿಯವರೆಗೆ ಬಾರದಿದ್ದರೆ ಬಾಕ್ಸ್ ಇದ್ದಲ್ಲೇ ಇರಲಿ, ಅದರಿಂದ ಒಂದು ಲ್ಯಾನ್ ಕೇಬಲ್ ಎಳೆದು ಹಾಲ್ ಮಧ್ಯದಲ್ಲಿ ಇನ್ನೊಂದು ವೈಫೈ ಇಡಬಹುದು. ಸ್ಪೀಕರ್ ಕಡೆಯಿಂದಲೂ ಸ್ವಲ್ಪ ಸಹಕಾರ ಬೇಕು. ಫ್ರಿಜ್ಜಿನ ಹಿಂದಿನಿಂದ ಎರಡು ಅಡಿ ಪಕ್ಕಕ್ಕೆ ಸರಿಸಿದ್ದಕ್ಕೇ ಮೈನಸ್ 78 ಇದ್ದದ್ದು ಮೈನಸ್ 66 ಆಗಬಹುದು. ದುಡ್ಡು ಬಿಚ್ಚುವ ಮೊದಲು ಇದೊಂದನ್ನು ಮಾಡಿ ನೋಡಿ.

ಊಹೆ ಬೇಡ, ಅಳೆಯೋಣ

ಸ್ಪೀಕರ್ ಇರುವ ಜಾಗದಲ್ಲೇ, ಅಡುಗೆಕಟ್ಟೆಯ ಮೇಲೇ ಆಗಲಿ, ಒಂದು ಲ್ಯಾಪ್‌ಟಾಪ್ ಇಡಿ. ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಉಳಿಸುವ ಗಡಿಬಿಡಿಯಲ್ಲಿ ಅದರ ವೈಫೈ ನಿದ್ದೆ ಹೋದರೆ ಅಂಕಿಗಳು ಸುಳ್ಳು ಹೇಳುತ್ತವೆ. ಇದೇ ಕಾರಣಕ್ಕೆ ಈ ಪರೀಕ್ಷೆಗೆ ಫೋನು ಬೇಡ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆರೆದು ರೌಟರ್‌ನ ವಿಳಾಸಕ್ಕೆ, ಹಲವು ಮನೆಗಳಲ್ಲಿ ಅದು 192.168.1.1, ಪಿಂಗ್ ಕೊಡಿ, ಅಂದರೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ಕೊನೆಯಲ್ಲಿ ಅಡ್ಡಗೆರೆ ಮತ್ತು ಟಿ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಸೆಕೆಂಡಿಗೊಂದರಂತೆ ನಡೆಯುತ್ತದೆ. ಒಂದು ಹಾಡು ಮುಗಿಯುವಷ್ಟು ಹೊತ್ತು ಸಾಲುಗಳು ಮೇಲೇರುವುದನ್ನು ನೋಡುತ್ತಿರಿ.

ಆರೋಗ್ಯವಂತ ವೈಫೈ ಹೀಗಿರುತ್ತದೆ: 3, 2, 4, 3, 2, 5, 3 ಮಿಲಿಸೆಕೆಂಡು. ಕಾಯಿಲೆ ಬಿದ್ದದ್ದು ಹೀಗೆ: 3, 2, 4, 187, 6, 3, 412, ಆಮೇಲೆ ಒಂದು "ರಿಕ್ವೆಸ್ಟ್ ಟೈಮ್ಡ್ ಔಟ್", ಮತ್ತೆ 3. ಕೊನೆಯಲ್ಲಿ ಬರುವ ಸರಾಸರಿಯನ್ನು ನೋಡಿ ನೆಮ್ಮದಿ ಪಡಬೇಡಿ, ನಡುನಡುವಿನ ನೆಗೆತಗಳನ್ನು ನೋಡಿ. ಈ ಪ್ಯಾಕೆಟ್‌ಗಳು ಮನೆ ಬಿಟ್ಟು ಹೊರಗೇ ಹೋಗಿಲ್ಲ, ಆದ್ದರಿಂದ ಇಲ್ಲಿ ನೆಗೆತ ಕಂಡರೆ ಇಂಟರ್ನೆಟ್ ಕಂಪನಿಯನ್ನು ಬೈದು ಫಲವಿಲ್ಲ. ರೌಟರ್‌ಗೆ ಪಿಂಗ್ ನೇರವಾಗಿದ್ದು, 8.8.8.8ರಂಥ ಹೊರಗಿನ ವಿಳಾಸಕ್ಕೆ ಮಾತ್ರ ನೆಗೆಯುತ್ತಿದ್ದರೆ ಆಗ ಬೈಯಲು ಹಕ್ಕಿದೆ. ಅದಕ್ಕೂ ಮೊದಲು ಯಾರದ್ದಾದರೂ ಫೋನು ಮದುವೆಯ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದೆಯೇ ನೋಡಿಕೊಳ್ಳಿ. ಅಪ್‌ಲೋಡ್ ತುಂಬಿ ಹರಿದಾಗ ರೌಟರ್‌ನೊಳಗೆ ಸರದಿ ಬೆಳೆದು ಉಳಿದೆಲ್ಲದಕ್ಕೂ ತಡವಾಗುತ್ತದೆ.

"ಸ್ಪೀಕರ್ ಕಾಣಿಸ್ತಾನೇ ಇಲ್ಲ"

ಹಾಡು ಕಡಿಯುವುದು ಒಂದು ದೂರು. ಆಪ್‌ನಲ್ಲಿ ಸ್ಪೀಕರ್‌ನ ಹೆಸರೇ ಕಾಣದಿರುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಎಂದುಕೊಂಡು ಜನ ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಎರಡನೆಯದರ ಬೇರು ಬೇರೆಯೇ ಇದೆ.

ಫೋನು ಸ್ಪೀಕರ್ ಹುಡುಕುವುದು ಮಲ್ಟಿಕಾಸ್ಟ್ ಎಂಬ ವಿಧಾನದಿಂದ. 224.0.0.251 ಎನ್ನುವ ಸಾರ್ವಜನಿಕ ವಿಳಾಸಕ್ಕೆ "ಹಾಡುವವರು ಯಾರಾದರೂ ಇದ್ದೀರಾ" ಎಂದು ಕೂಗುತ್ತದೆ, ಸ್ಪೀಕರ್‌ಗಳು ಓಗೊಡುತ್ತವೆ. ಕಾಸ್ಟ್, ಏರ್‌ಪ್ಲೇ, ಸ್ಪಾಟಿಫೈ ಕನೆಕ್ಟ್ ಮೂರೂ ಇದನ್ನು ನೆಚ್ಚಿಕೊಂಡಿವೆ. ಮಾಮೂಲಿ ಪ್ಯಾಕೆಟ್ ತಲುಪಿದರೆ ತಲುಪಿತು ಎಂಬ ರಸೀದಿ ಬರುತ್ತದೆ, ಬಾರದಿದ್ದರೆ ಮತ್ತೆ ಕಳಿಸುತ್ತಾರೆ. ರೌಟರ್ ಎಲ್ಲರಿಗೂ ಹಂಚುವ ಮಲ್ಟಿಕಾಸ್ಟ್‌ಗೆ ರಸೀದಿಯಿಲ್ಲ, ಕಳೆದರೆ ಕಳೆಯಿತು. ಹಾಗಾಗಿಯೇ ಸಾಧಾರಣ ಸಿಗ್ನಲ್‌ನಲ್ಲಿ ಹಾಡು ಹೇಗೋ ನಡೆಯುತ್ತದೆ, ಸ್ಪೀಕರ್‌ನ ಹೆಸರು ಮಾತ್ರ ಕಣ್ಣುಮುಚ್ಚಾಲೆ ಆಡುತ್ತದೆ.

ಆದರೆ ನಾನು ನೋಡಿದಂತೆ ನಮ್ಮ ಮನೆಗಳಲ್ಲಿ ಬಹು ಸಾಮಾನ್ಯವಾದ ಕಾರಣ ಎರಡು ರೌಟರ್. ಫೈಬರ್ ಕಂಪನಿ ಕೊಟ್ಟ ಬಾಕ್ಸ್‌ನಲ್ಲೇ ವೈಫೈ ಇದೆ. ಅದು ಸಾಲದೆಂದು ಇನ್ನೊಂದು ರೌಟರ್ ಕೊಂಡು ಅದರ ಹಿಂದೆ ಸಿಕ್ಕಿಸುತ್ತಾರೆ. ಈಗ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್. ಸ್ಪೀಕರ್ ಹಳೆಯದರಲ್ಲಿ ಉಳಿಯುತ್ತದೆ, ಫೋನು ಹೊಸದಕ್ಕೆ ಹೋಗುತ್ತದೆ. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಪತ್ತೆ ಮಾಡುವುದು ಸುಲಭ: ಫೋನ್‌ನ ಐಪಿ ವಿಳಾಸ 192.168.0.ರಿಂದ ಶುರುವಾಗಿ ಸ್ಪೀಕರ್‌ನದು 192.168.1.ರಿಂದ ಶುರುವಾದರೆ ಇದೇ ಕತೆ. ಹೊಸ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ "ಆಕ್ಸೆಸ್ ಪಾಯಿಂಟ್ ಮೋಡ್" ಆರಿಸಿದರೆ ಅದು ವಿಳಾಸ ಹಂಚುವ ಯಜಮಾನಿಕೆ ಬಿಟ್ಟು ಬರೀ ವೈಫೈ ಕೊಡುತ್ತದೆ. ಈ ಎರಡನೇ ರೌಟರ್ ಹಳೆಯ ಮಾದರಿಯದಾಗಿ ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಅಂಥದಕ್ಕೆ ಬದಲಿಸಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಎಂದಿರುವಲ್ಲಿ ಹಾಕದೆ ಲ್ಯಾನ್ ಎಂದಿರುವ ತೂತಿಗೆ ಹಾಕಿ. ಕೆಲಸ ಅಷ್ಟೇ. ಆಮೇಲೆ ಬಾಕ್ಸ್‌ನ ಸ್ವಂತ ವೈಫೈ ಬೇಡವೆನಿಸಿದರೆ ಅದನ್ನು ಆಫ್ ಮಾಡಿಬಿಡಿ, ಗಾಳಿಯಲ್ಲಿ ಒಬ್ಬರು ಕಡಿಮೆಯಾದರು.

ಬೇರೆ ಕಾರಣಗಳೂ ಇವೆ. ಗೆಸ್ಟ್ ವೈಫೈಯಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆದಿರುತ್ತಾರೆ, ಸ್ಪೀಕರ್ ಅಲ್ಲಿ ಸೇರಿಕೊಂಡಿದ್ದರೆ ಕಾಣದು. ಫೋನ್‌ನಲ್ಲಿ ಆಫೀಸಿನ ವಿಪಿಎನ್ ಓಡುತ್ತಿದ್ದರೂ ಅದೇ ಪಾಡು. ಐಫೋನ್‌ನಲ್ಲಿ 2020ರ ಐಒಎಸ್ 14ರಿಂದೀಚೆಗೆ "ಲೋಕಲ್ ನೆಟ್‌ವರ್ಕ್" ಅನುಮತಿ ಪ್ರತಿ ಆಪ್‌ಗೂ ಬೇರೆ. ಮೊದಲ ದಿನ ಓದದೆ "ಬೇಡ" ಒತ್ತಿದವರು ಬಹಳ. ಭದ್ರತೆಗೆ ಡಬ್ಲ್ಯುಪಿಎ3 ಮಾತ್ರ ಇಟ್ಟಿದ್ದರೆ ಹಳೆಯ ಸ್ಪೀಕರ್‌ಗಳು ಸೇರುವುದೇ ಇಲ್ಲ, 2 ಮತ್ತು 3 ಬೆರೆತ ಆಯ್ಕೆ ಇಡಿ. ಇನ್ನು, ಫೋನು 5ರಲ್ಲಿ ಸ್ಪೀಕರ್ 2.4ರಲ್ಲಿ ಇದ್ದರೆ ಕಾಣುವುದಿಲ್ಲ ಎನ್ನುವ ನಂಬಿಕೆಯೊಂದಿದೆ. ಅದು ತಪ್ಪು. ಒಂದೇ ರೌಟರ್‌ನ ಎರಡು ಬ್ಯಾಂಡ್ ಒಂದೇ ನೆಟ್‌ವರ್ಕ್.

ಗುಂಪಿನ ತಾಳ

ಎರಡು ಸ್ಪೀಕರ್ ಒಟ್ಟಿಗೆ ನುಡಿಸುವಾಗ ಎದುರಾಗುವ ಕಷ್ಟ ಇವೆಲ್ಲಕ್ಕಿಂತ ಸೂಕ್ಷ್ಮ. ಪ್ರತಿ ಸ್ಪೀಕರ್‌ನೊಳಗೂ ಒಂದು ಸ್ಫಟಿಕದ ಗಡಿಯಾರವಿದೆ, ಯಾವುದೂ ಪೂರ್ಣ ನಿಖರವಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ, ಒಂದು ಗಂಟೆಯ ಕಛೇರಿ ಮುಗಿಯುವ ಹೊತ್ತಿಗೆ 180 ಮಿಲಿಸೆಕೆಂಡು ಹಿಂದೆಮುಂದಾಗುತ್ತದೆ. ಅಷ್ಟಾದರೆ ಮೃದಂಗದ ಒಂದು ಪೆಟ್ಟು ಎರಡಾಗಿ ಕೇಳುತ್ತದೆ, ತನಿ ಆವರ್ತನ ಗಲಾಟೆಯಾಗುತ್ತದೆ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುವುದರಿಂದ ಬೇರೆ ಬೇರೆ ಕೋಣೆಗಳ ನಡುವೆ ಕೆಲವು ಮಿಲಿಸೆಕೆಂಡು ಯಾರ ಗಮನಕ್ಕೂ ಬಾರದು. ಒಂದೇ ಹಾಲ್‌ನಲ್ಲಿ ಎಡ ಬಲ ಜೋಡಿಯಾಗಿಟ್ಟರೆ ಒಂದೆರಡು ಮಿಲಿಸೆಕೆಂಡಿಗೂ ಧ್ವನಿ ನಡುವಿನಿಂದ ಒಂದು ಬದಿಗೆ ವಾಲುತ್ತದೆ.

ಆದ್ದರಿಂದ ಸ್ಪೀಕರ್‌ಗಳು ಹಾಡುತ್ತಲೇ ಗಡಿಯಾರ ಹೊಂದಿಸಿಕೊಳ್ಳುತ್ತಿರುತ್ತವೆ. ಒಂದು ಇನ್ನೊಂದನ್ನು "ಗಂಟೆ ಎಷ್ಟು" ಎಂದು ಕೇಳುತ್ತದೆ. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯಿತು ಎಂದು ಭಾವಿಸಿ ಅರ್ಧ ಕಳೆಯುತ್ತದೆ. ಹೋಗುವಾಗ 2 ಮಿಲಿಸೆಕೆಂಡು, ಬರುವಾಗ ಗಾಳಿ ಖಾಲಿಯಿಲ್ಲದೆ 80 ಆದರೆ ಲೆಕ್ಕ 39 ಮಿಲಿಸೆಕೆಂಡು ತಪ್ಪುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಇಂಥ ವಿಚಿತ್ರ ಉತ್ತರಗಳನ್ನು ಕಡೆಗಣಿಸುತ್ತದೆ. ಎಲ್ಲ ಉತ್ತರಗಳೂ ವಿಚಿತ್ರವಾದಾಗ ಅದೂ ಕೈಚೆಲ್ಲಿ ಒಂದು ಸ್ಪೀಕರ್ ಗುಂಪಿನಿಂದ ಉದುರುತ್ತದೆ. ಒಂಟಿಯಾಗಿ ಚೆನ್ನಾಗಿ ಹಾಡುವ ಸ್ಪೀಕರ್ ಗುಂಪಿನಲ್ಲಿ ಮಾತ್ರ ಮೊಂಡು ಹಿಡಿಯುವುದಕ್ಕೆ ಕಾರಣ ಇಲ್ಲಿದೆ, ಮತ್ತು ಪಿಂಗ್‌ನ ನೆಗೆತಗಳನ್ನು ನೋಡಿ ಎಂದದ್ದೂ ಇದಕ್ಕೇ.

ತಂತಿಯ ಗುಣಗಾನ

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಪ್ಲಗ್‌ಗೆ ಸಿಕ್ಕಿಸುವ ಸಣ್ಣ ರಿಪೀಟರ್. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಅಗ್ಗದ ರಿಪೀಟರ್ ಕೇಳಿದ್ದನ್ನೆಲ್ಲ ಅದೇ ಚಾನೆಲ್‌ನಲ್ಲಿ ಇನ್ನೊಮ್ಮೆ ಹೇಳುತ್ತದೆ, ಅಂದರೆ ಗಾಳಿಯ ಸಮಯ ಇಮ್ಮಡಿ ಖರ್ಚು. ಅದರ ಹಿಂದಿರುವ ಸಾಧನಗಳ ಗುರುತನ್ನು ಬದಲಿಸಿ ಕಳಿಸುವ ಚಾಳಿಯೂ ಕೆಲವಕ್ಕಿದೆ. ಹುಡುಕುವ ಕೂಗು ಅಲ್ಲಿ ಕಳೆದುಹೋಗುತ್ತದೆ. ಮೆಶ್, ಅಂದರೆ ಹಲವು ವೈಫೈ ಪೆಟ್ಟಿಗೆಗಳು ಸೇರಿ ಒಂದೇ ನೆಟ್‌ವರ್ಕ್ ಆಗಿ ನಡೆಯುವ ವ್ಯವಸ್ಥೆ, ಇದಕ್ಕಿಂತ ಮೇಲು, ಆದರೆ ಅದರ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಗಾಳಿಯಲ್ಲೇ ಮಾತಾಡಿದರೆ ಅದೇ ಹಳೆಯ ಸಾಲ. ಪೆಟ್ಟಿಗೆಗಳ ನಡುವೆ ಕೇಬಲ್ ಇದ್ದರೆ ಮಾತ್ರ ಮೆಶ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಕೇಬಲ್ ದುಬಾರಿಯೇನಲ್ಲ. ಸಾದಾ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1,000 ಎಂಬಿಪಿಎಸ್ ಒಯ್ಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದನ್ನೇ ಕೇಳಿ. ಅಗ್ಗಕ್ಕೆ ಸಿಗುವ ಹಲವು ಸುರುಳಿಗಳಲ್ಲಿ ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪವಿರುತ್ತದೆ. ಹೊಸ ಮನೆ ಕಟ್ಟುತ್ತಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಕರೆಂಟ್ ಪೈಪಿನಿಂದ ಬೇರೆಯಾಗಿ ಇನ್ನೊಂದು ಪೈಪ್ ಹಾಕಿಸಿ, ಪ್ರತಿ ಕೋಣೆಗೂ. ಪ್ಲಾಸ್ಟರ್ ಆದ ಮೇಲೆ ನೆನಪಾದರೆ ಗೋಡೆ ಒಡೆಯಬೇಕು.

ಎಲ್ಲರೂ ಸ್ಪೀಕರ್‌ಗೆ ಕೇಬಲ್ ಹಾಕುವುದು ಹೇಗೆ ಎಂದು ಕೇಳುತ್ತಾರೆ. ಬಹಳಷ್ಟು ಸ್ಪೀಕರ್‌ಗಳಲ್ಲಿ ಕೇಬಲ್‌ಗೆ ಜಾಗವೇ ಇಲ್ಲ. ಬೇಡ ಬಿಡಿ, ಟಿವಿಗೆ ಹಾಕಿ. ಸ್ಥಳ ಬದಲಿಸದ, ಗಾಳಿಯನ್ನು ಹೆಚ್ಚು ತಿನ್ನುವ ಟಿವಿ, ಸೆಟ್‌ಟಾಪ್ ಬಾಕ್ಸ್, ಕ್ಯಾಮೆರಾ, ಡೆಸ್ಕ್‌ಟಾಪ್ ಇವನ್ನೆಲ್ಲ ತಂತಿಗೆ ದಾಟಿಸಿದರೆ ಉಳಿದ ಗಾಳಿ ಪೂರ್ತಿ ಸ್ಪೀಕರ್‌ಗೆ.

ಕರೆಂಟ್ ಹೋಗಿ ಬಂದ ಮೇಲೆ

ಕರೆಂಟ್ ಹೋಗಿ ಬಂದಾಗ ಎಲ್ಲವೂ ಒಮ್ಮೆಗೇ ಏಳುತ್ತವೆ. ಸ್ಪೀಕರ್ ಅರ್ಧ ನಿಮಿಷದಲ್ಲಿ ಎದ್ದು ವೈಫೈ ಹುಡುಕುತ್ತದೆ. ಫೈಬರ್ ಬಾಕ್ಸ್‌ಗೆ ಮೂರು ನಾಲ್ಕು ನಿಮಿಷ ಬೇಕಾಗಬಹುದು. ಕೆಲವು ಸ್ಪೀಕರ್ ತಾಳ್ಮೆಯಿಂದ ಕಾಯುತ್ತವೆ, ಕೆಲವು ಸೋತು ಸುಮ್ಮನಾಗುತ್ತವೆ. ರೌಟರ್‌ಗೆಂದೇ ಸಿಗುವ 12 ವೋಲ್ಟ್‌ನ ಮಿನಿ ಯುಪಿಎಸ್ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿಯ ವಸ್ತು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಫೈಬರ್ ಬಾಕ್ಸ್ ಮತ್ತು ಎರಡನೇ ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಕೊಟ್ಟು "ಪ್ರಯೋಜನವಿಲ್ಲ" ಎನ್ನುವವರಿದ್ದಾರೆ. ಮನೆಗೆ ಇನ್ವರ್ಟರ್ ಇದ್ದೂ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ರೌಟರ್ ರೀಸ್ಟಾರ್ಟ್ ಆಗುತ್ತಿದ್ದರೆ, ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್‌ನ ಗುಂಡಿ ಇದೆಯೇ ನೋಡಿ.

ರೌಟರ್ ಹೊಸದಾಗಿ ಎದ್ದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬುದನ್ನು ಕೆಲವು ಮಾದರಿಗಳು ಮರೆಯುತ್ತವೆ. ಸ್ಪೀಕರ್‌ಗೆ ಹೊಸ ವಿಳಾಸ ಸಿಗುತ್ತದೆ, ಆಪ್ ಹಳೆಯದನ್ನೇ ಹಿಡಿದು ಕೂರುತ್ತದೆ, ಕೆಲವೊಮ್ಮೆ ಎರಡು ಸಾಧನಗಳಿಗೆ ಒಂದೇ ವಿಳಾಸ ಬಿದ್ದು ಎರಡೂ ಒದ್ದಾಡುತ್ತವೆ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ "ಅಡ್ರೆಸ್ ರಿಸರ್ವೇಶನ್" ಎಂದಿರುತ್ತದೆ. ಪ್ರತಿ ಸ್ಪೀಕರ್‌ನ ಮ್ಯಾಕ್ ವಿಳಾಸದ (ಸಾಧನದ ಸ್ವಂತ ಗುರುತಿನ ಸಂಖ್ಯೆಯ) ಎದುರು ಒಂದು ಐಪಿ ಬರೆದಿಟ್ಟರೆ ಆ ಸಂಖ್ಯೆ ಕಾಯಂ.

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಒಂದು ಸ್ಪೀಕರ್ ಕಾಟ ಕೊಡುತ್ತಿದ್ದರೆ ಅದನ್ನು ಚೆನ್ನಾಗಿ ಹಾಡುವ ಇನ್ನೊಂದರ ಜಾಗಕ್ಕೆ ಇಟ್ಟು, ಅದನ್ನು ಇದರ ಜಾಗಕ್ಕೆ ತನ್ನಿ. ಕಾಟ ಜಾಗದಲ್ಲೇ ಉಳಿದರೆ ಮತ್ತೆ ಸಿಗ್ನಲ್ ನೋಡಬೇಕು. ಸ್ಪೀಕರ್ ಜೊತೆ ಕಾಟವೂ ಸ್ಥಳ ಬದಲಿಸಿದರೆ ಅದರ ವೈಫೈ ಚಿಪ್ಪೋ ಆಂಟೆನಾವೋ ಕೆಟ್ಟಿದೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಕೊಟ್ಟು ನೋಡಿ, ಆಗಲೂ ಬದಲಾಗದಿದ್ದರೆ ಬಿಲ್ ಹುಡುಕಿ ವಾರಂಟಿ ಮುಗಿಯುವ ಮುಂಚೆ ಸರ್ವಿಸ್ ಸೆಂಟರ್‌ಗೆ ಕೊಡಿ.